ಚಿತ್ರಾನ್ನಕ್ಕೆ ಬೈಬೇಡಿ, ನಿಮ್ಮ ಹೊಲ ನೋಡ್ಕೊಳ್ಳಿ

ಚಿತ್ರಾನ್ನದ ಮೇಲೆ ನನಗೆ ಸಿಟ್ಟಿಲ್ಲ. ಬೆಳಗ್ಗೆ ಐದು ಗಂಟೆಗೆ ಒಲೆ ಹಚ್ಚಿ, ಏಳು ಗಂಟೆ ಬಸ್ಸಿಗೆ ಡಬ್ಬಿ ಕಟ್ಟಿ ಕೊಡಬೇಕಾದ ಹೆಂಗಸಿಗೆ ಅದೊಂದು ವರ. ಒಂದು ಕಡೆ ಅನ್ನಕ್ಕಿಟ್ಟು, ಇನ್ನೊಂದು ಕಡೆ ಕಡಲೆಬೀಜ, ಮೆಣಸಿನಕಾಯಿ ಒಗ್ಗರಣೆ ಹಾಕಿ, ಒಂದು ನಿಂಬೆಹಣ್ಣು ಹಿಂಡಿದ್ರೆ ಮುಗೀತು. ನನ್ನ ಸಿಟ್ಟಿರೋದು ಆ ಡಬ್ಬಿ ಮುಚ್ಚಳ ತೆಗೆದು "ಇವತ್ತೂ ಚಿತ್ರಾನ್ನಾನಾ?" ಅಂತ ಮುಖ ಸಿಂಡರಿಸೋರ ಮೇಲೆ. ಅದರಲ್ಲೂ ಮೂರ್ನಾಲ್ಕು ಎಕರೆ ಹೊಲ ಇಟ್ಕೊಂಡು, ಅದರಲ್ಲಿ ಒಂದೇ ಒಂದು ಬೆಳೆ ಹಾಕಿ, ಕಳೆ ಔಷಧಿ ಹೊಡೆದು, ಮಿಷನ್ನಲ್ಲಿ ಕೊಯ್ಸಿ, ಚೀಲಕ್ಕೆ ತುಂಬಿ ಮಾರಿ ಬಂದು, ಆಮೇಲೆ ಹೆಂಡ್ತಿ ಹತ್ರ ಬಗೆಬಗೆ ಬುತ್ತಿ ಕೇಳೋ ಅಣ್ಣಂದಿರ ಮೇಲೆ.

ನಮ್ಮದು ತುಮಕೂರು ಸೀಮೆಯ ಕೆಂಪು ಮಣ್ಣಿನ ಖುಷ್ಕಿ, ಮೂರೂವರೆ ಎಕರೆ, ಬದುವಿನ ಸುತ್ತ ಒಂದಿಷ್ಟು ತೆಂಗು. ನಮ್ಮನೆಯಿಂದ ದಿನಾ ನಾಲ್ಕು ಡಬ್ಬಿ ಹೊರಡ್ತವೆ. ಪಿಯುಸಿ ಓದೋ ಮಗಳಿಗೆ ಒಂದು, ನಾಲ್ಕನೇ ಕ್ಲಾಸಿನ ಮಗನಿಗೆ ಒಂದು, ಗಾರ್ಮೆಂಟ್ಸಿಗೆ ಹೋಗೋ ನಾದಿನಿಗೆ ಒಂದು, ಹೊಲಕ್ಕೆ ನನಗೂ ನಮ್ಮ ಯಜಮಾನರಿಗೂ ಸೇರಿಸಿ ಒಂದು ದೊಡ್ಡದು. ಹಾಗಾಗಿ ಈ ವಿಷಯದಲ್ಲಿ ಮಾತಾಡೋಕೆ ನನಗೆ ಹಕ್ಕಿದೆ ಅಂದ್ಕೋತೀನಿ.

ಅರಳಿಕಟ್ಟೆ ಮೇಲೆ ಕೂತೋರ ಮಾತು ಕೇಳಿದ್ದೀನಿ. "ಈಗಿನ ಹೆಣ್ಮಕ್ಕಳಿಗೆ ಮೈ ಬಗ್ಗಲ್ಲ. ನಮ್ಮವ್ವ ಹೊಲಕ್ಕೆ ಬುತ್ತಿ ತಂದ್ರೆ ಒಂದಿನ ಇದ್ದಿದ್ದು ಇನ್ನೊಂದಿನ ಇರ್ತಿರಲಿಲ್ಲ. ಈಗ ನೋಡು, ವರ್ಷಪೂರ್ತಿ ಬಿಳಿ ಅನ್ನ, ಅದಕ್ಕೊಂದಿಷ್ಟು ಅರಿಶಿನ." ಸರಿ ಅಣ್ಣ, ನಿಮ್ಮವ್ವ ಕೈಗಾರ್ತಿ, ಒಪ್ಕೋತೀನಿ. ಆದ್ರೆ ನಿಮ್ಮವ್ವನ ಅಡುಗೆಮನೆಗೆ ಏನೇನು ಬಂದು ಬೀಳ್ತಿತ್ತು ಅಂತ ಯಾವತ್ತಾದ್ರೂ ಲೆಕ್ಕ ಹಾಕಿದ್ದೀರಾ? ನಿಮ್ಮಪ್ಪ ಹೊಲದಲ್ಲಿ ಏನು ಬಿತ್ತಿದ್ರು ಅಂತ ನೆನಪಿದೆಯಾ?

ನೆನಪಿಲ್ಲ ಅಂದ್ರೆ ನಾನು ಹೇಳ್ತೀನಿ. ಭರಣಿ ಮಳೆ ಬಿದ್ದ ಕೂಡಲೇ ಎಳ್ಳು, ಹೆಸರು, ಅಲಸಂದೆ ಬೀಳ್ತಿದ್ವು. ಶ್ರಾವಣ ಕಾಲಿಡೋ ಹೊತ್ತಿಗೆ ಅವು ಮನೆ ಸೇರಿರ್ತಿದ್ವು. ಆರಿದ್ರೆ, ಪುನರ್ವಸು ಮಳೇಲಿ ರಾಗಿ. ಅದೂ ಬರೀ ರಾಗಿ ಅಲ್ಲ. ಕೂರಿಗೆ ಹಿಂದೆ ಸಡ್ಡೆ ಹಿಡಿದ ಹೆಂಗಸು ಅಕ್ಕಡಿ ಸಾಲು ಬಿಡ್ತಾ ಬರ್ತಿದ್ಲು. ಆರು ಸಾಲೋ ಎಂಟು ಸಾಲೋ ರಾಗಿಗೆ ಒಂದು ಸಾಲು ಅಕ್ಕಡಿ. ಅದರಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಅಲಸಂದೆ. ಅಲ್ಲಲ್ಲಿ ನಾಲ್ಕು ಜೋಳ, ನಾಲ್ಕು ಸಜ್ಜೆ. ಬದುವಿನ ಪಕ್ಕ ಹರಳು. ಮಧ್ಯೆ ಕೈಯಲ್ಲಿ ಎರಚಿದ ಸಾಸಿವೆ. ದೀಪಾವಳಿ ಹೊತ್ತಿಗೆ ಹುಚ್ಚೆಳ್ಳು ಹೂವು ಬಿಟ್ಟು ಹೊಲ ಎಲ್ಲಾ ಗೆರೆ ಎಳೆದಂಗೆ ಹಳದಿ, ಜೇನುಹುಳದ ಸದ್ದು ದಾರಿಗೆ ಕೇಳಿಸ್ತಿತ್ತು. ಮುಂದೆ ರಾಗಿ ಕೊಯ್ದಾದ ಮೇಲೂ ಅವರೆ, ತೊಗರಿ ಹೊಲದಲ್ಲಿ ನಿಂತೇ ಇರ್ತಿದ್ವು. ಖಾಲಿ ಇದ್ದ ತುಂಡು ಜಾಗಕ್ಕೆ ಉತ್ತರೆ, ಹಸ್ತ ಮಳೇಲಿ ಹುರುಳಿ.

ಬಿತ್ತದೆ ಬರೋದನ್ನೂ ಹೇಳ್ಬೇಕಲ್ಲ. ರಾಗಿ ಹೊಲದ ಕಳೆಯಲ್ಲೇ ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಕೀರೆ, ಹೆಸರು ಗೊತ್ತಿಲ್ಲದ ಇನ್ನೆಷ್ಟೋ. ಕಳೆ ಕೀಳೋಕೆ ಹೋದೋರು ಸೆರಗಲ್ಲಿ ಬೆರಕೆ ಸೊಪ್ಪು ಕಟ್ಕೊಂಡು ಬರ್ತಿದ್ರು.

ಈಗ ಇದನ್ನೆಲ್ಲ ಡಬ್ಬಿಗೆ ಹಾಕಿ ನೋಡಿ. ಶ್ರಾವಣದಲ್ಲಿ ಹೊಸ ಹೆಸರುಕಾಳು ಉಸ್ಲಿ, ಅಲಸಂದೆ ಪಲ್ಯ, ರಾಗಿ ರೊಟ್ಟಿಗೆ ಎಳ್ಳು ಪುಡಿ. ಕಾರ್ತೀಕ ಕಳೆದ ಮೇಲೆ ಹೊಸ ಹುಚ್ಚೆಳ್ಳು ಹುರಿದು ಕುಟ್ಟಿದ ಚಟ್ನಿಪುಡಿ. ಧನುರ್ಮಾಸ ಬಂತು ಅಂದ್ರೆ ಸೊಗಡು ಅವರೆ, ಅವರೆಕಾಳು ರೊಟ್ಟಿ, ಅವರೆಕಾಳು ಉಪ್ಪಿಟ್ಟು, ಹಿತಕಿದ ಬೇಳೆ ಉಳಿದ್ರೆ ಅದನ್ನ ಬತ್ತಿಸಿ ಚಪಾತಿಗೆ. ಹಿಂದೇನೇ ಹಸಿ ತೊಗರಿಕಾಯಿ, ಉಪ್ಪು ಹಾಕಿ ಬೇಯಿಸಿದ್ರೆ ಹುಡುಗರು ಬಸ್ಸಲ್ಲೇ ಬಿಡಿಸಿ ತಿಂದು ಮುಗಿಸ್ತಾವೆ. ಬೇಸಿಗೆಗೆ ಹುರುಳಿ ಚಟ್ನಿ, ಮಾವಿನಕಾಯಿ ಚಿತ್ರಾನ್ನ, ಹುರಿಹಿಟ್ಟು, ಮೊಸರು ಬುತ್ತಿ. ಇದಕ್ಕೆ ಯಾವ ಅಡುಗೆ ಪುಸ್ತಕ ಬೇಕು? ಯಾವ ವಿಡಿಯೋ ಬೇಕು? "ವಾರಕ್ಕೆ ಏಳು ಬಗೆ ಲಂಚ್ ಬಾಕ್ಸ್" ಅಂತ ಕಲಿಸೋಕೆ ಹೊರಟೋರು ಅಕ್ಕಿ, ಮೈದಾ, ಆಲೂಗಡ್ಡೆ ಮೂರನ್ನೇ ಏಳು ಥರ ತಿರುಗಿಸ್ತಾರೆ. ನಿಮ್ಮವ್ವ ದಿನಾ ಹೊಸದು ಯೋಚನೆ ಮಾಡ್ತಿರಲಿಲ್ಲ ಅಣ್ಣ. ತಿಂಗಳಿಗೊಂದು ಕಾಳು ಹೊಲದಿಂದ ನಡ್ಕೊಂಡು ಮನೆಗೆ ಬರ್ತಿತ್ತು, ಅದನ್ನ ಬೇಯಿಸ್ತಿದ್ರು ಅಷ್ಟೆ.

ಇದನ್ನ ಹೊಲದಿಂದ ಓಡಿಸಿದ್ದು ಅಡುಗೆಮನೆ ಹೆಂಗಸಲ್ಲ. ಕೊಯ್ಯೋ ಮಿಷನ್ ಬಂತು. ಮಿಷನ್ನಿಗೆ ಹೊಲ ಒಂದೇ ಸಮ ಇರಬೇಕು, ಮಧ್ಯೆ ಎದೆಮಟ್ಟ ತೊಗರಿ ನಿಂತಿದ್ರೆ ಡ್ರೈವರ್ ಗೇಟಿಂದಲೇ ವಾಪಸ್ ತಿರುಗಿಸ್ತಾನೆ. ಅದಕ್ಕಿಂತ ಮೊದಲು ಬಂದಿದ್ದು 2,4-ಡಿ. ಆ ಔಷಧಿ ಕೆಲಸ ಮಾಡೋದೇ ಹಾಗೆ. ಅಗಲ ಎಲೆಯ ಗಿಡ ಸಾಯಿಸುತ್ತೆ, ಹುಲ್ಲಿನ ಜಾತಿಗೆ ಸೇರಿದ ರಾಗಿಯನ್ನ ಉಳಿಸುತ್ತೆ. ಅವರೆ ಅಗಲ ಎಲೆ, ತೊಗರಿ ಅಗಲ ಎಲೆ, ಹುಚ್ಚೆಳ್ಳು, ಅಲಸಂದೆ, ಸಾಸಿವೆ, ಅಣ್ಣೆ ಸೊಪ್ಪು, ಗೋಣಿ ಸೊಪ್ಪು ಎಲ್ಲಾ ಅಗಲ ಎಲೆ. ಒಂದು ಕ್ಯಾನು ಔಷಧಿಯಿಂದ ವರ್ಷದ ಬುತ್ತಿಯ ಮುಕ್ಕಾಲು ಪಾಲು ಸುಟ್ಟು ಹೋಯ್ತು. ಹೊಲ ಚೊಕ್ಕಟ ಆಯ್ತು ಅಂತ ಬೀಗೋರು, ಡಬ್ಬಿಯೂ ಅಷ್ಟೇ ಚೊಕ್ಕಟ ಆಗಿದೆ ಅಂತ ಯಾಕೆ ಗೊಣಗಬೇಕು?

ಇನ್ನು ಗುಬ್ಬಿ, ಚಿಕ್ಕನಾಯಕನಹಳ್ಳಿ, ತುರುವೇಕೆರೆ ಕಡೆ ನೋಡಿದ್ರೆ ರಾಗಿ ಹೊಲವೇ ಅಡಿಕೆ ತೋಟ ಆಗ್ತಿದೆ. ಕೊಳವೆಬಾವಿ ನೀರು ಇರೋವರೆಗೆ ದುಡ್ಡು ಬರುತ್ತೆ, ಬೇಡ ಅನ್ನಲ್ಲ. ಆದ್ರೆ ಅಡಿಕೆಯನ್ನ ಡಬ್ಬಿಗೆ ಹಾಕೋಕಾಗಲ್ಲ. ಅಡಿಕೆ ದುಡ್ಡಲ್ಲಿ ಸಂತೆಯಿಂದ ಎರಡು ಕೆಜಿ ಅವರೆ, ಒಂದು ಸೇರು ಹುಚ್ಚೆಳ್ಳು ತರ್ತೀರಾ ಅಂದ್ರೆ ಅದೂ ಇಲ್ಲ.

"ಅಕ್ಕಡಿಯಿಂದ ಏನು ಗಿಟ್ಟುತ್ತಮ್ಮ" ಅಂತ ಕೇಳ್ತಾರೆ. ಕೇಂದ್ರ ಸರ್ಕಾರದ ಬೆಂಬಲ ಬೆಲೆ ಪಟ್ಟಿ ತೆಗೆದು ನೋಡಿ. 2024-25ಕ್ಕೆ ರಾಗಿಗೆ ಕ್ವಿಂಟಾಲಿಗೆ 4,290 ರೂಪಾಯಿ. ತೊಗರಿಗೆ 7,550. ಹೆಸರಿಗೆ 8,682. ಹುಚ್ಚೆಳ್ಳಿಗೆ 8,717. ಎಳ್ಳಿಗೆ 9,267. ಯಾವುದನ್ನ ಕಳೆ ಅಂತ ಸುಟ್ಟಿರೋ ಅದರ ಬೆಲೆ ನೀವು ಉಳಿಸ್ಕೊಂಡಿದ್ದರ ಹೆಚ್ಚುಕಮ್ಮಿ ಎರಡರಷ್ಟು. ಹೌದು, ಎಕರೆಗೆ ಇಳುವರಿ ಕಮ್ಮಿ. ಹೌದು, ಪಟ್ಟಿಯಲ್ಲಿ ಬೆಲೆ ಬರೆಯೋದು ಬೇರೆ, ಚೀಲ ಇಳಿಸ್ಕೊಂಡು ದುಡ್ಡು ಕೊಡೋದು ಬೇರೆ. ನಮ್ಮ ಕಡೆ ಖರೀದಿ ಕೇಂದ್ರದ ಮುಂದೆ ರಾಗಿ ಟ್ರ್ಯಾಕ್ಟರುಗಳ ಸಾಲು ನೋಡಿದ್ದೀನಿ, ಹುಚ್ಚೆಳ್ಳು ಚೀಲದ ಸಾಲು ನಾನಂತೂ ನೋಡಿಲ್ಲ. 2023ನ್ನ ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷ ಅಂತ ಮಾಡಿ ರಾಗಿಗೆ ಹಾರ ಹಾಕಿದ್ರು, ಸಂತೋಷ. ರಾಗಿ ಪಕ್ಕದಲ್ಲಿ ನಿಂತಿದ್ದ ಅವರೆ, ಹುಚ್ಚೆಳ್ಳನ್ನ ವೇದಿಕೆಗೆ ಯಾರೂ ಕರೀಲಿಲ್ಲ. ಆದ್ರೆ ನಾನು ಮಾರೋ ಅಕ್ಕಡಿ ಬಗ್ಗೆ ಹೇಳ್ತಿಲ್ಲ. ಮನೆ ಡಬ್ಬಿಗೆ ಬೇಕಾಗಿರೋದು ಹತ್ತು ಸೇರು ಅವರೆ, ನಾಲ್ಕು ಸೇರು ಹುಚ್ಚೆಳ್ಳು, ಮೂರು ಸೇರು ಎಳ್ಳು. ಅದಕ್ಕೆ ಮೂರು ಎಕರೆ ಬೇಕಿಲ್ಲ, ಕಾಲು ಎಕರೆ ಅಂಚಿದ್ರೆ ಸಾಕು. ಮಿಷನ್ ನಿಲ್ಲಿಸಿ ಅಂತಾನೂ ನಾನು ಹೇಳ್ತಿಲ್ಲ. ಒಂದು ಪಕ್ಕ ಅಗಲವಾದ ಪಟ್ಟಿ ಬಿಟ್ಟು ಅಲ್ಲಿ ಅಕ್ಕಡಿ ಹಾಕಿ, ಮಿಕ್ಕಿದ್ದನ್ನ ಮಿಷನ್ನಿಗೆ ಕೊಡಿ. ಔಷಧಿ ಮಾತ್ರ ಆ ಪಟ್ಟಿ ಕಡೆ ಗಾಳಿ ಬೀಸೋ ಹೊತ್ತಲ್ಲಿ ಹೊಡೀಬೇಡಿ, ಹನಿ ಹಾರಿದ್ರೂ ತೊಗರಿ ಎಲೆ ಮುರುಟುತ್ತೆ.

ಇಲ್ಲಿ ನನ್ನ ಗೆಳತೀರು ನನ್ನನ್ನೇ ಹಿಡ್ಕೊಳ್ತಾರೆ ಅಂತ ಗೊತ್ತು. "ಅಕ್ಕ, ಅಕ್ಕಡಿ ಹಾಕಿ ಅಂತೀಯ, ಅದನ್ನ ಕೀಳೋರು ಯಾರು? ಒಣಗಿಸೋರು, ಬಡಿಯೋರು, ಕೇರೋರು ಯಾರು? ನಾವೇ ಅಲ್ವಾ?" ಸತ್ಯ. ಅಕ್ಕಡಿ ಹೋದಾಗ ಎಷ್ಟೋ ಹೆಂಗಸರು ಒಳಗೊಳಗೇ ಉಸ್ಸಪ್ಪ ಅಂದಿದ್ದಾರೆ. ಒಂದೊಂದು ಕಾಳು ಒಂದೊಂದು ಸಲ ಬಲಿಯುತ್ತೆ, ಒಂದೊಂದಕ್ಕೂ ಬೇರೆ ಕಣ, ಬೇರೆ ಬಿಸಿಲು. ಇಬ್ಬನಿ ಇರೋವಾಗಲೇ ಅವರೆ ಕೀಳಬೇಕು, ಬಿಸಿಲೇರಿದ್ರೆ ಕಾಯಿ ಸಿಡಿದು ಕಾಳು ಉದುರುತ್ತೆ. ಹಳೇ ಕಾಲದ ಬುತ್ತಿಯನ್ನ ಹೊಗಳೋರು ಈ ಕೂಲಿಯನ್ನ ಲೆಕ್ಕಕ್ಕೇ ತಗೊಳ್ಳಲ್ಲ. ಅದಕ್ಕೇ ನಾನು "ಹಳೇದೇ ಚೆನ್ನ" ಅನ್ನೋ ಪಂಗಡದೋಳಲ್ಲ. ಅಕ್ಕಡಿ ಬೇಕು ಅಂದ್ರೆ ಗಂಡಸರೂ ಬುಟ್ಟಿ ಹಿಡೀಬೇಕು. ರಾಗಿ ಕೊಯ್ಯೋ ಕೆಲಸ ಮಿಷನ್ ಮಾಡಿ ನಿಮಗೆ ಉಳಿಸಿದ ದಿನಗಳೆಲ್ಲ ಎಲ್ಲಿ ಹೋದ್ವು? ಅದರಲ್ಲಿ ಎರಡು ದಿನ ಅವರೆ ಕೀಳೋಕೆ ಬನ್ನಿ.

ಅನ್ನಭಾಗ್ಯದ ಬಗ್ಗೆ ಒಂದು ಮಾತು, ಯಾಕಂದ್ರೆ ಈ ಚರ್ಚೆ ಬಂದಾಗೆಲ್ಲ ಯಾರೋ ಒಬ್ಬರು "ರೇಷನ್ ಅಕ್ಕಿ ಬಂದು ಜನ ಕೆಟ್ಟರು" ಅಂತಾರೆ. 2013ರ ಜುಲೈನಲ್ಲಿ ಕೆಜಿಗೆ ಒಂದು ರೂಪಾಯಿಗೆ ಅಕ್ಕಿ ಕೊಟ್ಟಾಗ ಹೊಲವೇ ಇಲ್ಲದ ಎಷ್ಟೋ ಮನೆಗಳಲ್ಲಿ ಮೊದಲ ಸಲ ತಿಂಗಳ ಕೊನೇ ವಾರದಲ್ಲೂ ಒಲೆ ಉರೀತು. ಅವರ ಡಬ್ಬೀಲಿ ಬಿಳಿ ಅನ್ನ ಇದ್ರೆ ನಾನು ಕಣ್ಣಿಗೊತ್ಕೋತೀನಿ. ನಾನು ಮಾತಾಡ್ತಿರೋದು ಹೊಲ ಇದ್ದೋರ ಬಗ್ಗೆ.

ಅಕ್ಕಿ ಒಂದನ್ನೇ ನೆಚ್ಕೊಂಡ್ರೆ ಏನು ಕಳ್ಕೋತೀವಿ ಅನ್ನೋದು ಅಂಕಿಯಲ್ಲೇ ಇದೆ. ನೂರು ಗ್ರಾಂ ರಾಗೀಲಿ ಸುಣ್ಣದ ಅಂಶ 350 ಮಿಲಿಗ್ರಾಂ ಆಸುಪಾಸು; ಪಾಲಿಷ್ ಅಕ್ಕೀಲಿ ಹತ್ತರ ಆಸುಪಾಸು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ರಾಜ್ಯದ 15ರಿಂದ 49 ವರ್ಷದ ಹೆಂಗಸರಲ್ಲಿ ಸುಮಾರು 48 ಪರ್ಸೆಂಟ್ ಜನಕ್ಕೆ ರಕ್ತ ಕಮ್ಮಿ. ಇಬ್ಬರಲ್ಲಿ ಒಬ್ಬಳು ಅನ್ನಿ. ಬುತ್ತಿ ಕಟ್ಟೋಳೂ ಅವಳೇ, ಎಲ್ಲರಿಗೂ ಕಟ್ಟಿ ಆದ ಮೇಲೆ ಪಾತ್ರೆ ತಳದಲ್ಲಿ ಉಳಿದಿದ್ದನ್ನ ತಿನ್ನೋಳೂ ಅವಳೇ. ಕಾಳು, ಸೊಪ್ಪು ಡಬ್ಬಿಯಿಂದ ಮಾಯ ಆದ್ರೆ ಮೊದಲು ಮಾಯ ಆಗೋದು ಅವಳ ತಟ್ಟೆಯಿಂದ.

ಬುತ್ತಿ ಅಂದ್ರೆ ಬರೀ ಊಟ ಅಲ್ಲ, ಏಳೆಂಟು ಗಂಟೆ ಕೆಡದೆ ತಡೆಯೋ ಊಟ. ಬೆಳಗ್ಗೆ ಆರಕ್ಕೆ ಕಟ್ಟಿದ್ದನ್ನ ಮಧ್ಯಾಹ್ನ ಒಂದೂವರೆಗೆ ತಿಂತಾರೆ. ಮಧ್ಯೆ ಬಸ್ಸಿನ ಕಾವು, ಬ್ಯಾಗಿನ ಕಾವು. ಇದನ್ನ ಮರೆತು ಚಂದ ಕಾಣೋ ಡಬ್ಬಿ ಕಟ್ಟೋದು ಕಲಿಸೋರು ಬೇಸಿಗೇಲಿ ಒಂದು ವಾರ ನಮ್ಮೂರ ಬಸ್ಸಲ್ಲಿ ಓಡಾಡಲಿ. ಹಸಿ ತೆಂಗಿನಕಾಯಿ ಚಟ್ನಿ ಏಪ್ರಿಲಲ್ಲಿ ಹನ್ನೊಂದಕ್ಕೇ ಹುಳಿ ವಾಸನೆ. ಅದೇ ಕೊಬ್ಬರಿ ಚಟ್ನಿಪುಡಿ ವಾರಗಟ್ಟಲೆ ನಿಲ್ಲುತ್ತೆ. ತಿಪಟೂರು ಕೊಬ್ಬರಿ ಸೀಮೆಯಲ್ಲಿದ್ದು ಹಸಿ ಚಟ್ನಿ ಕೊಟ್ಟು ಕೆಡಿಸ್ಕೊಳ್ಳೋದ್ಯಾಕೆ? ಅನ್ನ ಬಿಸಿ ಇರೋವಾಗಲೇ ಮುಚ್ಚಳ ಹಾಕಿದ್ರೆ ಹಬೆ ನೀರಾಗಿ ಮೇಲಿಂದ ಹನಿಯುತ್ತೆ, ಅಲ್ಲಿಂದಲೇ ಹಳಸೋಕೆ ಶುರು. ತಟ್ಟೇಲಿ ಹರಡಿ ಆರಿಸಿ ತುಂಬಬೇಕು. ಹುಣಸೆ, ನಿಂಬೆ, ಮಾವಿನಕಾಯಿ ಅನ್ನಕ್ಕೆ ಹಾಕಿದ್ದು ಬರೀ ರುಚಿಗಲ್ಲ. ಅನ್ನ ಬೇಯಿಸಿದ್ರೂ ಸಾಯದ ಒಂದು ಸೂಕ್ಷ್ಮಾಣು ಇದೆ, ಬ್ಯಾಸಿಲಸ್ ಸೀರಿಯಸ್ ಅಂತ. ಅದರ ಬೀಜಕಣ ಕುದಿಯೋ ನೀರಲ್ಲೂ ಉಳಿದು, ಉಗುರು ಬೆಚ್ಚಗೆ ಗಂಟೆಗಟ್ಟಲೆ ಇಟ್ಟ ಅನ್ನದಲ್ಲಿ ಬೆಳೆದು ವಿಷ ಬಿಡುತ್ತೆ. ಆಮೇಲೆ ಎಷ್ಟು ಬಿಸಿ ಮಾಡಿದ್ರೂ ಆ ವಿಷ ಹೋಗಲ್ಲ. ಹುಳಿ ಇದ್ದ ಕಡೆ ಅದಕ್ಕೆ ಬೆಳೆಯೋದು ಕಷ್ಟ. ಹಾಗಂತ ರಾತ್ರಿಯಿಡೀ ಪಾತ್ರೇಲಿ ಕೂತ ಅನ್ನಕ್ಕೆ ನಿಂಬೆ ಹಿಂಡಿ ಮಕ್ಕಳಿಗೆ ಕಟ್ಟಬೇಡಿ. ಆಗಲೇ ಬಿಟ್ಟ ವಿಷವನ್ನ ನಿಂಬೆಹಣ್ಣು ತೆಗೆಯಲ್ಲ.

ಮೊಸರನ್ನ ಕಟ್ಟೋದನ್ನ ನಮ್ಮತ್ತೆ ನೋಡಿ ಕಲಿತಿದ್ದು. ಅನ್ನ ಮೆತ್ತಗೆ ಬೇಯಿಸಿ, ಹಿಸುಕಿ, ಕಾಸಿದ ಹಾಲು ಬೆಚ್ಚಗಾದ ಮೇಲೆ ಹಾಕಿ ತೆಳ್ಳಗೆ ಕಲಸಿ, ಒಂದೇ ಚಮಚ ಮೊಸರು ಬೆರೆಸಿ ಕಳಿಸೋದು. ದಾರೀಲೇ ಅದು ಹೆಪ್ಪಾಗುತ್ತೆ, ಮಧ್ಯಾಹ್ನಕ್ಕೆ ಹುಳಿ ಇಲ್ಲದ ಮೊಸರು ಬುತ್ತಿ. ರಾಗಿ ರೊಟ್ಟಿ ಹಿಟ್ಟನ್ನ ಕುದಿಯೋ ನೀರಲ್ಲಿ ಕಲಸಿ, ನುಗ್ಗೆ ಸೊಪ್ಪು, ಈರುಳ್ಳಿ ಹಾಕಿ ತೆಳ್ಳಗೆ ತಟ್ಟಿ, ಬೇಯಿಸಿದ ಮೇಲೆ ಬಟ್ಟೇಲಿ ಸುತ್ತಿಟ್ರೆ ಮಧ್ಯಾಹ್ನಕ್ಕೂ ಮುರಿಯಲ್ಲ. ಇನ್ನು ಹುರಿಹಿಟ್ಟು. ಅದನ್ನ ಮೀರಿಸೋ ಬುತ್ತಿ ನಾನು ಕಂಡಿಲ್ಲ. ರಾಗಿ ಅರಳು ಹುರಿದು ಬೀಸಿದ ಹಿಟ್ಟು ಒಂದು ಡಬ್ಬೀಲಿ, ಮಜ್ಜಿಗೆ ಒಂದು ಬಾಟ್ಲಲ್ಲಿ, ಒಂದು ಈರುಳ್ಳಿ. ಬೇಯಿಸೋದಿಲ್ಲ, ಕೆಡೋದಿಲ್ಲ, ಕಲಸೋಕೆ ಎರಡು ನಿಮಿಷ. ಸಿಹಿ ಬೇಕಾದ್ರೆ ಬೆಲ್ಲ, ಕಾಯಿತುರಿ. ಇದೇ ಹಿಟ್ಟಿಗೆ ಇಂಗ್ಲಿಷ್ ಹೆಸರಿಟ್ಟು ಬಣ್ಣದ ಡಬ್ಬಕ್ಕೆ ತುಂಬಿದ್ರೆ ಕ್ಯೂ ನಿಂತು ತಗೋತೀವಿ. ಮೊಟ್ಟೆ ತಿನ್ನೋರು ಒಂದು ಬೇಯಿಸಿ ಸಿಪ್ಪೆ ಸಮೇತ ಇಡಿ, ತಿನ್ನೋ ಹೊತ್ತಿಗೆ ಬಿಡಿಸ್ಕೊಳ್ಳಲಿ. ರೊಟ್ಟಿಯನ್ನ ಹಳೇ ಪೇಪರಲ್ಲಿ ಮಾತ್ರ ಸುತ್ತಬೇಡಿ, ಆ ಶಾಯಿ ಊಟಕ್ಕೆ ಅಂಟುತ್ತೆ. ಬಾಳೆ ಎಲೆ, ಮುತ್ತುಗದ ಎಲೆ ಇಲ್ವಾ, ಒಗೆದ ಬಟ್ಟೆ ಇಲ್ವಾ. ಹುಳಿ ಪದಾರ್ಥ ಅಲ್ಯೂಮಿನಿಯಂ ಡಬ್ಬಿಗೂ ಬೇಡ, ಸ್ಟೀಲಿಗೆ ಹಾಕಿ.

ಗಮನಿಸಿದ್ರೆ ಇದರಲ್ಲಿ ಹೆಚ್ಚಿನ ಕೆಲಸ ಬೆಳಗ್ಗೆ ಐದಕ್ಕೆ ಮಾಡೋದಲ್ಲ. ಹುಚ್ಚೆಳ್ಳು ಪುಡಿ, ಕೊಬ್ಬರಿ ಪುಡಿ, ಹುರುಳಿ ಪುಡಿ ಭಾನುವಾರ ಮಧ್ಯಾಹ್ನ ಮಾಡಿಡೋದು. ಹುಚ್ಚೆಳ್ಳು ಪುಡಿ ಒಂದು ತಿಂಗಳಿಗಾಗುವಷ್ಟೇ ಮಾಡಿ, ಎಣ್ಣೆ ಅಂಶ ಇರೋದ್ರಿಂದ ಆಮೇಲೆ ಕಮಟು ಬರುತ್ತೆ. ಸಣ್ಣ ಉರಿ, ದಪ್ಪ ತಳದ ಬಾಣಲೆ, ಚಟಪಟ ಸದ್ದು ಬಂದು ಘಮ್ ಅಂದಾಗ ಇಳಿಸಬೇಕು. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆ, ಉಪ್ಪು ಸೇರಿಸಿ ಕುಟ್ಟಿದ್ರೆ ಆಯ್ತು. ಇದನ್ನ ಮಾಡೋಕೆ ಸೀರೆ ಉಟ್ಟಿರಬೇಕು ಅಂತ ಎಲ್ಲೂ ಬರೆದಿಲ್ಲ. ನಮ್ಮನೇಲಿ ಪುಡಿ ಹುರಿಯೋದು ಯಜಮಾನರು. ಸಂಜೆ ಬಂದ ನಾಲ್ಕು ಡಬ್ಬಿ ತೊಳೆಯೋದೂ ಅವರೇ. ಊರೇನೂ ಮುಳುಗಿಲ್ಲ.

ನಗಬೇಡಿ, ಲೆಕ್ಕ ಹೇಳ್ತೀನಿ. 2019ರಲ್ಲಿ ಸರ್ಕಾರವೇ ಒಂದು ಸಮಯ ಬಳಕೆ ಸಮೀಕ್ಷೆ ಮಾಡಿಸ್ತು, ದೇಶಪೂರ್ತಿ. ಸಂಬಳ ಇಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ. ಆ 97 ಕೂಡ ಅವತ್ತು ಏನಾದ್ರೂ ಮನೆಗೆಲಸ ಮಾಡಿದ ಗಂಡಸರ ಸರಾಸರಿ ಮಾತ್ರ. ಕಡ್ಡಿ ಎತ್ತಿಡದೋರು ಆ ಲೆಕ್ಕದೊಳಗೇ ಇಲ್ಲ. ಬುತ್ತಿಯಲ್ಲಿ ಬಗೆ ಬೇಕು ಅನ್ನೋರು ಮೊದಲು ಈ ಎರಡು ಅಂಕಿಯನ್ನ ಹತ್ರ ತರಲಿ. ಐದು ಗಂಟೆಯ ಅಡುಗೆಮನೇಲಿ ಎರಡು ಕೈ ಇದ್ರೆ ಚಿತ್ರಾನ್ನ. ನಾಲ್ಕು ಕೈ ಇದ್ರೆ ರೊಟ್ಟಿ.

ಇನ್ನು ಸ್ಕೂಲಿನೋರು. ನನ್ನ ಮಗ ಹೋಗೋ ಖಾಸಗಿ ಶಾಲೆಯಿಂದ ಒಂದು ಪ್ರಿಂಟ್ ಮಾಡಿದ ಚೀಟಿ ಬಂದಿತ್ತು. ಸೋಮವಾರ ಸ್ಯಾಂಡ್‌ವಿಚ್, ಮಂಗಳವಾರ ನೂಡಲ್ಸ್, ಬುಧವಾರ ಪಾಸ್ತಾ, ಹೀಗೇ. ಎಲ್ಲಾ ಮಕ್ಕಳೂ ಒಂದೇ ಥರ ತಂದ್ರೆ ಭೇದಭಾವ ಇರಲ್ಲ ಅಂತ ಕೆಳಗೆ ಬರೆದಿದ್ರು. ಹುಡುಗ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಗೊಂಡು ಹೋದ ದಿನ ಪಕ್ಕದೋರು "ಏನೋ ಇದು, ಟಾರು ತಿಂತೀಯ?" ಅಂತ ನಕ್ಕಿದ್ದಾರೆ. ಹುಚ್ಚೆಳ್ಳು ಚಟ್ನಿ ಕಪ್ಪಗಿರುತ್ತಲ್ಲ. ಟೀಚರಮ್ಮ ಆ ಮಕ್ಕಳಿಗೆ ಇದು ಏನು, ಎಲ್ಲಿ ಬೆಳೆಯುತ್ತೆ ಅಂತ ಹೇಳೋ ಬದಲು ನನ್ನ ಮಗನ ಡೈರೀಲಿ "ಪಟ್ಟಿ ಪ್ರಕಾರ ಕಳಿಸಿ" ಅಂತ ಬರೆದು ಕಳಿಸಿದ್ರು. ಭೇದಭಾವ ಹೋಗಲಾಡಿಸೋ ದಾರಿ ಇದೇನಾ? ಬೆಳೆದೋರ ಮಗ ಬೆಳೆದಿದ್ದನ್ನ ಬಚ್ಚಿಟ್ಕೊಂಡು ತಿನ್ನಬೇಕಾ? ಡಬ್ಬಿ ನೋಡಿ ಜಾತಿ ಅಳೆಯೋ, ಮೊಟ್ಟೆ ವಾಸನೆಗೆ ಮೂಗು ಮುಚ್ಚಿ ಬೆಂಚು ಬದಲಾಯಿಸೋ ಚಾಳಿ ಊರಲ್ಲಿ ಇದ್ದೇ ಇದೆ. ಅದಕ್ಕೆ ಮದ್ದು ಎಲ್ಲರೂ ಕೂತು ಒಬ್ಬರ ಡಬ್ಬೀಲಿ ಒಬ್ಬರು ಕೈ ಹಾಕಿ ತಿನ್ನೋದು, ಎಲ್ಲರ ಡಬ್ಬಿಗೂ ಮೈದಾ ತುಂಬೋದಲ್ಲ. ಆ ಚೀಟಿಯ ಹಿಂದೆ ಇದನ್ನೇ ಬರೆದು ವಾಪಸ್ ಕಳಿಸಿದೆ. ರೊಟ್ಟಿ ಈಗಲೂ ಹೋಗ್ತಿದೆ. ಒಂದು ರೊಟ್ಟಿ ಜಾಸ್ತಿ ಇಡ್ತೀನಿ, ಟಾರು ಅಂದ ಹುಡುಗನಿಗೇ ಅದು ಬೇಕಂತೆ.

ಮಗಳ ಕಥೆ ಬೇರೆ. 2001ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಸರ್ಕಾರಿ ಶಾಲೆ ಮಕ್ಕಳಿಗೆ ಬೇಯಿಸಿದ ಊಟ ಹಕ್ಕಾಯ್ತು, ನಮ್ಮಲ್ಲಿ ಅದು ಹತ್ತನೇ ಕ್ಲಾಸಿನವರೆಗೂ ಸಿಗುತ್ತೆ, ದೊಡ್ಡ ವಿಷಯ. ಹನ್ನೊಂದನೇ ಕ್ಲಾಸಿಗೆ ಕಾಲಿಟ್ಟ ದಿನ ಆ ಊಟ ನಿಲ್ಲುತ್ತೆ, ಹಸಿವು ನಿಲ್ಲಲ್ಲ. ಬೆಳಗ್ಗೆ ಏಳಕ್ಕೆ ಬಸ್ ಹತ್ತೋ ಹುಡುಗೀರಲ್ಲಿ ಎಷ್ಟು ಜನ ಡಬ್ಬಿ ಇಲ್ಲದೆ ಹೋಗಿ ಬೇಕರಿ ಪಫ್ಸು, ಟೀ ಕುಡಿದು ಸಂಜೆ ಬರ್ತಾರೆ ಅಂತ ಬಸ್ ಸ್ಟ್ಯಾಂಡಲ್ಲಿ ನಿಂತು ನೋಡಿ. 2023ರ ಜೂನಿಂದ ಹೆಣ್ಮಕ್ಕಳಿಗೆ ಟಿಕೆಟ್ ಇಲ್ಲ, ದೂರದ ಕಾಲೇಜು, ಕೆಲಸ ಎರಡೂ ಹತ್ರ ಆದ್ವು. ಅಷ್ಟು ಡಬ್ಬಿ ಜಾಸ್ತಿ ಕಟ್ಟಬೇಕಾಯ್ತು, ಅಡುಗೆಮನೆಗೆ ಮಾತ್ರ ಯಾರೂ ಜಾಸ್ತಿ ಬರಲಿಲ್ಲ.

ನಮ್ಮ ನಾದಿನಿ ಹೋಗೋ ಕಡೆ ಊಟಕ್ಕೆ ಅರ್ಧ ಗಂಟೆ. ಕೈ ತೊಳೆಯೋ ಸಾಲು, ಶೌಚಾಲಯದ ಸಾಲು ಕಳೆದ್ರೆ ಉಳಿಯೋದು ಹತ್ತು ಹದಿನೈದು ನಿಮಿಷ. ಮುದ್ದೆ ಕಟ್ಟಿಕೊಡ್ತೀನಿ ಅಂದ್ರೆ "ಬೇಡ ಅತ್ತಿಗೆ, ಸಾರು ಚೆಲ್ಲುತ್ತೆ, ಎಲ್ಲರೂ ನೋಡ್ತಾರೆ" ಅಂತಿದ್ಲು. ಈಗ ಹುರಿಹಿಟ್ಟು, ಮಜ್ಜಿಗೆ ವಾರಕ್ಕೆರಡು ದಿನ, ರೊಟ್ಟಿ ಎರಡು ದಿನ, ಮಿಕ್ಕ ದಿನ ಅನ್ನ. ಹೌದು, ಚಿತ್ರಾನ್ನವೂ. ಅವಳ ಜೊತೆ ಕೂರೋ ನಾಲ್ಕು ಜನ ಪುಡಿ ಕೇಳಿ ಕಳಿಸಿದ್ದಾರೆ. ಕಾರ್ಖಾನೆಯೋರು ಊಟಕ್ಕೆ ಹದಿನೈದು ನಿಮಿಷ ಜಾಸ್ತಿ ಕೊಟ್ಟು, ಇನ್ನೆರಡು ನಲ್ಲಿ ಹಾಕಿಸಿದ್ರೆ ಯಾವ ಲಾಭವೂ ಕೊಚ್ಚಿ ಹೋಗಲ್ಲ. ಕೇಳೋಕೆ ಅವರಿಗೆ ಯೂನಿಯನ್ ಬೇಕು, ಅದು ಇನ್ನೊಂದು ದಿನದ ಮಾತು.

ಆರಿದ್ರೆ ಮಳೆಗೆ ಇನ್ನು ಹೆಚ್ಚು ದಿನ ಇಲ್ಲ. ರಾಗಿ ಬೀಜ ತರೋಕೆ ಎಲ್ಲರೂ ರೈತ ಸಂಪರ್ಕ ಕೇಂದ್ರಕ್ಕೆ ಹೋಗ್ತೀರಿ, ಅಲ್ಲಿ ಅಕ್ಕಡಿ ಬೀಜ ಇದೆಯಾ ಅಂತಲೂ ಒಂದು ಮಾತು ಕೇಳಿ. ಕೇಳೋರೇ ಇಲ್ಲ ಅಂದ್ರೆ ಅವರ್ಯಾಕೆ ತರಿಸ್ತಾರೆ? ಸಿಗದಿದ್ರೆ ನಮ್ಮನೇಲಿ ಹುಚ್ಚೆಳ್ಳು ಮೂರು ಸೇರು, ನಾಟಿ ಅವರೆ ಎರಡು ಸೇರು, ಒಂದಿಷ್ಟು ಅಲಸಂದೆ, ಬೂದಿ ಹಾಕಿಟ್ಟ ತೊಗರಿ ಇದೆ. ಕಾಲು ಎಕರೆ ಅಂಚಿಗೆ ಒಂದು ಹಿಡಿ ಹುಚ್ಚೆಳ್ಳು ಸಾಕಾಗುತ್ತೆ, ಮಣ್ಣು ಬೆರೆಸಿ ಬಿತ್ತಿ, ಇಲ್ಲದಿದ್ರೆ ಒತ್ತಾಗುತ್ತೆ. ದುಡ್ಡು ಬೇಡ, ಸುಗ್ಗಿ ಆದ ಮೇಲೆ ತಗೊಂಡಷ್ಟರ ಎರಡರಷ್ಟು ಬೀಜ ವಾಪಸ್ ಕೊಡಬೇಕು. ಸಂಜೆ ಆರರ ಮೇಲೆ ಬನ್ನಿ. ಗಂಡಸರೇ ಬನ್ನಿ, ಡಬ್ಬಿ ನೀವೇ ತೊಳೆದು ತನ್ನಿ.